ಕಬಿನಿಯ ಬೇಸಿಗೆ: ಮೀನಿನ ಪಾಲಿನ ನೀರು ಎಲ್ಲಿ?

ಮುಂಗಾರು ಬಿರುಸಾಯಿತೆಂದರೆ ಮೈಸೂರು ಸೀಮೆಯ ಓದುಗರ ಕಣ್ಣು ದಿನಪತ್ರಿಕೆಯ ಒಂದು ಪುಟ್ಟ ಚೌಕವನ್ನು ಹುಡುಕುತ್ತದೆ. ಜಲಾಶಯದ ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕಬಿನಿಯ ಮಟ್ಟ 2,284 ಅಡಿಯನ್ನು ಸಮೀಪಿಸಿತೆಂದರೆ ನಂಜನಗೂಡಿನ ತಗ್ಗು ಬಡಾವಣೆಗಳ ಜನ ಸಾಮಾನು ಸರಂಜಾಮು ಕಟ್ಟಿಕೊಳ್ಳತೊಡಗುತ್ತಾರೆ. ಕಪಿಲೆಯ ನಡುವಿನ ಹದಿನಾರು ಕಾಲು ಮಂಟಪ ಮುಳುಗಿದ ಚಿತ್ರ ಮರುದಿನ ಮುಖಪುಟದಲ್ಲಿರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳನ್ನು ಆ ಊರಿನವರು ಇನ್ನೂ ಮರೆತಿಲ್ಲ. ಆದರೆ ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ ಮೇಲೆ ಅದೇ ಚೌಕದ ಕಡೆಗೆ ಯಾರೂ ನೋಡುವುದಿಲ್ಲ. ಅದರಲ್ಲೂ ‘ಹೊರಹರಿವು’ ಎಂಬ ಕಲಂ, ಬೇಸಿಗೆಯಲ್ಲಿ, ಓದುಗರಿಲ್ಲದ ಕಲಂ. ನದಿಯೊಳಗಿನ ಜೀವಿಗಳ ಅಳಿವು ಉಳಿವು ಮಾತ್ರ ನಿರ್ಧಾರವಾಗುವುದು ಫೆಬ್ರುವರಿಯಿಂದ ಮೇ ತನಕದ ಆ 120 ದಿನಗಳಲ್ಲಿ, ಆ ಒಂದು ಕಲಂನಲ್ಲಿ.

ಕಬಿನಿಯ ಮೀನಿನ ಬಗ್ಗೆ ಗಂಭೀರವಾಗಿ ಬರೆಯಹೊರಟರೆ ಕೆಲವರು ನಗಬಹುದು. ಅವರಿಗೆ 1946ರ ಒಂದು ಸಂಗತಿಯನ್ನು ನೆನಪಿಸಬೇಕು. ಆ ವರ್ಷ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಇದೇ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡ್ ತೂಕದ, ಅಂದರೆ 54 ಕಿಲೊಗೂ ಮಿಗಿಲಾದ ಮಹಶೀರ್ ಮೀನನ್ನು ದಡಕ್ಕೆಳೆದರು. ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುವ ಕಸುಬಿನಿಂದ ಜಗತ್ತಿನಾದ್ಯಂತ ಹೆಸರಾಗಿದ್ದ ಕುಟುಂಬ ಅದು. ಅದಕ್ಕೂ ಮೊದಲು, 1919ರಲ್ಲಿ, ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡಿನ ಮೀನು. ಗಾಳದ ಹವ್ಯಾಸಿಗಳ ಲೋಕದಲ್ಲಿ ಕಾವೇರಿ ಮತ್ತು ಕಬಿನಿಯ ಹೆಸರು ಇಂದಿಗೂ ಸ್ಕಾಟ್ಲೆಂಡಿನ ನದಿಗಳ ಜೊತೆಯಲ್ಲೇ ಬರುತ್ತದೆ. ಬೆನ್ನಿನ ಮೇಲೆ ಗೂನಿನಂತೆ ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಈ ಮಹಶೀರ್ ಕಾವೇರಿ ಕೊಳ್ಳವನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಇದನ್ನು ‘ತೀವ್ರ ಅಳಿವಿನಂಚಿನ’ ಪ್ರಭೇದವೆಂದು ಘೋಷಿಸಿತು. ಹುಲಿಗೆ ಸಿಕ್ಕಿರುವ ಮಾನ್ಯತೆಗಿಂತಲೂ ಒಂದು ಮೆಟ್ಟಿಲು ಕಡು ಸ್ಥಿತಿ ಇದು. ಹುಲಿಗಾಗಿ ನಾವು ನಾಗರಹೊಳೆಯನ್ನೂ ಬಂಡೀಪುರವನ್ನೂ ಕಾಯ್ದಿಟ್ಟೆವು. ಆ ಎರಡು ಕಾಡುಗಳ ನಡುವೆ ಹರಿದು ಬರುವ ನದಿಯ ಮೀನಿಗೆ ಒಂದು ಮಡುವನ್ನೂ ಮೀಸಲಿಡಲಿಲ್ಲ.

ಅಣೆಕಟ್ಟಿನ ಕೆಳಗಿನ ನದಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ದೂರ ಹೋಗಿ ಬರುವುದು ಒಳ್ಳೆಯದು. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ವೈಟ್ ಎಂಬ ನದಿ ಇದೆ. 1951ರಲ್ಲಿ ಅದಕ್ಕೆ ಬುಲ್ ಶೋಲ್ಸ್ ಎಂಬಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 235 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ. ನಮ್ಮ ಕನ್ನಂಬಾಡಿಯ ನಾಲ್ಕೂ ಮುಕ್ಕಾಲು ಪಟ್ಟು. ಅಲ್ಲಿ ಚಳಿಗಾಲದಲ್ಲಿ ತಣ್ಣಗಾದ ನೀರು ಭಾರವಾಗಿ ತಳಕ್ಕಿಳಿಯುತ್ತದೆ. ಬೇಸಿಗೆಯ ಬಿಸಿಲು ಮೇಲ್ಪದರವನ್ನಷ್ಟೇ ಕಾಯಿಸುತ್ತದೆ. ತಳದ ನೀರು ತಣ್ಣಗೇ ಉಳಿಯುತ್ತದೆ. ವಿದ್ಯುತ್ ಯಂತ್ರಗಳು ಆ ಆಳದ ನೀರನ್ನೇ ಹೊರಬಿಡುವುದರಿಂದ, ಸುತ್ತಲಿನ ಊರುಗಳು ಜುಲೈ ಬಿಸಿಲಿಗೆ ಬೇಯುತ್ತಿರುವಾಗಲೂ ಅಣೆಕಟ್ಟಿನ ಕೆಳಗಿನ ಹೊಳೆ ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಆ ಹೊಳೆಯ ಮೂಲ ಮೀನುಗಳು ಬೆಚ್ಚನೆ ನೀರಿನವು. ಅವು ಆ ಚಳಿಯನ್ನು ತಾಳಲಾರದೆ ಹಿಂದೆ ಸರಿದವು. ಸರ್ಕಾರ ಅದಕ್ಕೆ ಪರಿಹಾರವೆಂಬಂತೆ 1957ರಲ್ಲಿ ಮರಿ ಸಾಕಣೆ ಕೇಂದ್ರವನ್ನು ತೆರೆದು ತಣ್ಣೀರಿನ ಟ್ರೌಟ್ ಮೀನನ್ನು ಬಿಟ್ಟಿತು. ಕ್ರಮೇಣ ಒಂದು ಹೊಸ ಆರ್ಥಿಕತೆಯೇ ಬೆಳೆಯಿತು. ಬೇಸಿಗೆ ರಜೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು, ಗರಿ ಮತ್ತು ದಾರದಿಂದ ಕಟ್ಟಿದ ಕೃತಕ ನೊಣವನ್ನು ಹರಿವಿನ ಮೇಲೆ ಮೆಲ್ಲನೆ ಬೀಳಿಸಿ ಟ್ರೌಟ್ ಹಿಡಿಯುವವರು, ಅವರಿಗೆ ದೋಣಿ ನಡೆಸುವವರು, ಉಳಿದುಕೊಳ್ಳಲು ಕೋಣೆ ಕೊಡುವವರು, ನೊಣ ಕಟ್ಟಿ ಮಾರುವವರು.

ಅಲ್ಲಿಯೂ ಎಲ್ಲವೂ ಸರಿಯಿರಲಿಲ್ಲ. ವಿದ್ಯುತ್ ಬೇಡಿಕೆ ಏರಿದಾಗ ಯಂತ್ರ ತಿರುಗುತ್ತಿತ್ತು, ಹೊಳೆ ಆಳೆತ್ತರಕ್ಕೆ ಏರುತ್ತಿತ್ತು. ಬೇಡಿಕೆ ಇಳಿದಾಗ ಯಂತ್ರ ನಿಲ್ಲುತ್ತಿತ್ತು, ಹೊಳೆ ಬತ್ತಿ ಕಲ್ಲು ಕಾಣುತ್ತಿತ್ತು. ಅಣೆಕಟ್ಟು ನಿರ್ಮಿಸಿದಾಗ ಕಾನೂನಿನಲ್ಲಿದ್ದ ಉದ್ದೇಶಗಳು ಪ್ರವಾಹ ನಿಯಂತ್ರಣ ಮತ್ತು ವಿದ್ಯುತ್. ಮೀನು ಆ ಪಟ್ಟಿಯಲ್ಲಿರಲಿಲ್ಲ. ಗಾಳದವರು ಮತ್ತು ಅವರನ್ನು ನಂಬಿದ ಊರುಗಳು ವರ್ಷಗಟ್ಟಲೆ ಪಟ್ಟು ಹಿಡಿದು ಕೂತವು. ಕೊನೆಗೆ ಅಲ್ಲಿನ ಸಂಸತ್ತು ಕನಿಷ್ಠ ಹರಿವಿಗೆ ಒಪ್ಪಿಗೆ ಕೊಟ್ಟಿತು. 2013ರಿಂದ ಬುಲ್ ಶೋಲ್ಸ್‌ನ ಕೆಳಗೆ ಯಂತ್ರ ನಿಂತಾಗಲೂ 800 ಕ್ಯೂಸೆಕ್ ನೀರು ಹರಿಯಲೇಬೇಕೆಂಬ ವ್ಯವಸ್ಥೆ ಜಾರಿಗೆ ಬಂತು. ಅದಕ್ಕಾಗಿ ಜಲಾಶಯದಲ್ಲಿ 5 ಅಡಿ ನೀರನ್ನು ಹೆಚ್ಚುವರಿಯಾಗಿ ನಿಲ್ಲಿಸಬೇಕಾಯಿತು. ಇದರಿಂದ ಮೇಲ್ಭಾಗದ ಮತ್ತೊಂದು ವಿದ್ಯುದಾಗಾರದ ಉತ್ಪಾದನೆ ಕುಂದುವುದೆಂದು ಲೆಕ್ಕ ಹಾಕಿ, ಆ ಕಂಪನಿಗೆ ಸುಮಾರು 2.66 ಕೋಟಿ ಡಾಲರ್ ಪರಿಹಾರ ನೀಡಲಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಕರಣದಲ್ಲಿ ಮೆಚ್ಚುಗೆಯಾಗುವುದು ಈ ಕೊನೆಯ ವಿವರ. ನದಿ ಜೀವಂತವಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಅದರ ಬೆಲೆ ಇಷ್ಟು, ಅದನ್ನು ಕಳೆದುಕೊಳ್ಳುವವರು ಇವರು, ಕೊಡುವವರು ನಾವು ಎಂದು ಬರೆದಿಟ್ಟು ಹಣ ಪಾವತಿಸಿದ ಉದಾಹರಣೆಗಳು ವಿರಳ.

ಟ್ರೌಟ್ ನಮ್ಮ ಮೀನಲ್ಲ. ಕಬಿನಿಯಲ್ಲಿ ಅದು ಬದುಕುವುದೂ ಇಲ್ಲ. ಬ್ರಿಟಿಷರು ಹಲವು ಸೋಲುಗಳ ನಂತರ 20ನೇ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಯ ಮೇಲೆ ಅದನ್ನು ನೆಲೆಗೊಳಿಸಿದರು. ಅವಲಾಂಚಿಯ ಆ ನೀರು ಕುಂದಾ, ಭವಾನಿಗಳ ಮೂಲಕ ಕೊನೆಗೆ ಕಾವೇರಿಯನ್ನೇ ಸೇರುತ್ತದೆ ಎಂಬುದು ಬೇರೆ ಮಾತು. 12 ಡಿಗ್ರಿ ಅಕ್ಷಾಂಶದ ಬೀಚನಹಳ್ಳಿಯಲ್ಲಿ ಜಲಾಶಯದ ತಳದ ನೀರೂ ನಮ್ಮ ಚಳಿಗಾಲದ ರಾತ್ರಿಗಿಂತ ತಣ್ಣಗಾಗುವುದಿಲ್ಲ. ಹೀಗಾಗಿ ಅಣೆಕಟ್ಟು ಅಮೆರಿಕದ ಹೊಳೆಗೆ ಕೊಟ್ಟಂಥ ಆಕಸ್ಮಿಕ ಉಡುಗೊರೆಯನ್ನು ನಮ್ಮ ಹೊಳೆಗೆ ಕೊಡಲಿಲ್ಲ. ತೊಂದರೆಗಳನ್ನಂತೂ ಚಾಚೂ ತಪ್ಪದೆ ಕೊಟ್ಟಿತು.

1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಸಾಮರ್ಥ್ಯ 19.52 ಟಿಎಂಸಿ ಅಡಿ. ಅದರಿಂದ ಬಯಲುಸೀಮೆಗೆ ಆದ ಉಪಕಾರವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನಾಲೆಯ ನೀರು, ಬಿದರಗೂಡಿನಿಂದ ಮೈಸೂರಿಗೆ ಹೋಗುವ ಕುಡಿಯುವ ನೀರು, ಇವೆಲ್ಲ ಅದರ ಫಲ. ಆದರೆ ಮಹಶೀರ್‌ನ ದೃಷ್ಟಿಯಿಂದ ನೋಡಿ. ಮುಂಗಾರಿನ ಕೆಂಪು ನೀರು ಬಂದಾಗ ಮೇಲ್ಮುಖವಾಗಿ ಈಜಿ, ಜಲ್ಲಿ ಹಾಸಿದ ತಿಳಿ ಹರಿವಿನಲ್ಲಿ ಮೊಟ್ಟೆಯಿಡುವ ಮೀನು ಅದು. ಹುಲ್ಲಹಳ್ಳಿಯ ಹಳೆಯ ಕಟ್ಟೆಯನ್ನು ನೆರೆಯ ನೀರಿನಲ್ಲಿ ಹಾಯಬಹುದಾಗಿದ್ದ ಮೀನಿಗೆ ಬೀಚನಹಳ್ಳಿಯ ಗೋಡೆ ದಾಟಲಾಗದ ಗೋಡೆ. ಮೇಲೆ ಹೋಗುವ ದಾರಿ ಮುಚ್ಚಿದ ಮೇಲೆ ಉಳಿದದ್ದು ಕೆಳಗಿನ ಹೊಳೆ. ನುಗು ಬಂದು ಸೇರಿ, ಹುಲ್ಲಹಳ್ಳಿ ಕಳೆದು, ನಂಜನಗೂಡಿನಲ್ಲಿ ಗುಂಡ್ಲು ಹೊಳೆಯನ್ನು ಕೂಡಿಕೊಂಡು, ತಿರುಮಕೂಡಲಿನಲ್ಲಿ ಗುಂಜಾ ನರಸಿಂಹಸ್ವಾಮಿಯ ಎದುರು ಕಾವೇರಿಯನ್ನು ಸೇರುವ ತನಕದ ಹರಿವು. ಬೇಸಿಗೆಯಲ್ಲಿ ಈ ಹರಿವು ಸಣ್ಣದಾಗಿ ಮೀನುಗಳೆಲ್ಲ ಆಳವಾದ ಮಡುಗಳಿಗೆ ಇಳಿಯುತ್ತವೆ. ಅದು ಪ್ರಕೃತಿಯ ಸಹಜ ಕ್ರಮವೇ. ಅಸಹಜವಾದದ್ದು ಏನೆಂದರೆ, ತೂಬು ಮುಚ್ಚಿದ ದಿನ ಮಡು ಮಡುಗಳ ನಡುವಿನ ಸಂಪರ್ಕವೇ ಕಡಿದುಹೋಗುವುದು, ತೆರೆದ ದಿನ ಒಮ್ಮೆಗೇ ಏರುವುದು. ನಿಂತ ಮಡುವಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಅದೇ ನೀರಿಗೆ ಊರಿನ ಚರಂಡಿಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರಿದರೆ ಕರಗಿಸಿ ಸಾಗಿಸಲು ಹರಿವೇ ಇರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಕಬಿನಿಯ ನಂಜನಗೂಡು ಭಾಗವೂ ಅದರಲ್ಲಿತ್ತು. ದಕ್ಷಿಣ ಕಾಶಿ ಎಂದು ಕರೆಸಿಕೊಳ್ಳುವ ಊರಿಗೆ ಅದು ಗೌರವದ ಸ್ಥಾನವಲ್ಲ.

ಇನ್ನು ಮಡುವಿನ ಮೇಲೆ ಮನುಷ್ಯನ ಕಣ್ಣು. ನೀರು ತಗ್ಗಿದಾಗ ಮೀನು ಎಲ್ಲಿ ಗುಂಪುಗೂಡಿದೆ ಎಂಬುದು ಗೊತ್ತಿರುವವರಿಗೆಲ್ಲ ಗೊತ್ತಿರುತ್ತದೆ. ಒಂದು ಸಿಡಿಮದ್ದು ಸಾಕು, ಹತ್ತು ವರ್ಷದ ಮೀನೂ ಹತ್ತು ದಿನದ ಮರಿಯೂ ಒಟ್ಟಿಗೆ ಹೊಟ್ಟೆ ಮೇಲಾಗಿ ತೇಲುತ್ತವೆ. ನೀರಿಗೆ ಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದು ಶಿಕ್ಷಾರ್ಹವೆಂದು ಭಾರತೀಯ ಮೀನುಗಾರಿಕೆ ಕಾಯ್ದೆ ಹೇಳಿದ್ದು 1897ರಲ್ಲಿ. ಅದಕ್ಕೂ ಮುನ್ನ, 1870ರ ಸುಮಾರಿಗೆ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಅಲ್ಲಿನ ಮೀನುಕೃಷಿಯ ಬಗ್ಗೆ ವರದಿ ಬರೆದಿದ್ದರು. ಮೂರು ವರ್ಷಗಳ ನಂತರ ಭಾರತದ ಗಾಳಬೇಟೆಯ ಬಗ್ಗೆ ಅವರು ಬರೆದ ಗ್ರಂಥ ಇಂದಿಗೂ ಮಹಶೀರ್ ಹವ್ಯಾಸಿಗಳ ಕೈಪಿಡಿ. ಕಡತಗಳ ನಡುವೆ ಆಯುಷ್ಯ ಕಳೆದವನಾಗಿ ಹೇಳುತ್ತೇನೆ: ಕಾನೂನು ಇಲ್ಲ ಎಂಬ ಕೊರತೆ ಈ ವಿಷಯದಲ್ಲಿ ಒಂದೂಕಾಲು ಶತಮಾನದಿಂದಲೂ ಇಲ್ಲ. ರಾತ್ರಿ ಹೊತ್ತಿನಲ್ಲಿ ಮಡುವಿನ ಬಳಿ ಯಾರಾದರೂ ಇರುತ್ತಾರೆಯೇ ಎಂಬುದೇ ಪ್ರಶ್ನೆ.

ಆ ಪ್ರಶ್ನೆಗೆ ಕಾವೇರಿಯ ಕೆಳಹರಿವಿನಲ್ಲಿ ಒಂದು ಕಾಲದಲ್ಲಿ ಉತ್ತರ ಸಿಕ್ಕಿತ್ತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳ ಶಿಬಿರಗಳನ್ನು ನಡೆಸುತ್ತಿತ್ತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮರಳಿ ನೀರಿಗೆ ಬಿಡಬೇಕೆಂಬುದು ನಿಯಮ. ಇಂಗ್ಲೆಂಡಿನಿಂದ ಬಂದ ಸಾಹೇಬರು ದುಬಾರಿ ಗಾಳದ ಕೋಲಿಗೆ ಕಟ್ಟುತ್ತಿದ್ದ ಮೇವು ಯಾವುದೆಂದರೆ, ನಮ್ಮ ರಾಗಿ ಹಿಟ್ಟಿನ ಮುದ್ದೆ! ಗರಿಯ ನೊಣಕ್ಕೆ ಮರುಳಾಗುವ ಟ್ರೌಟ್ ಎಲ್ಲಿ, ಮಂಡ್ಯ ಸೀಮೆಯ ಮುದ್ದೆಗೆ ಮಾತ್ರ ಬಾಯಿ ತೆರೆಯುವ ಈ ಮೀನು ಎಲ್ಲಿ. ಆ ಮುದ್ದೆಯ ಹದ ಗೊತ್ತಿದ್ದವರು, ಹರಿಗೋಲು ಹುಟ್ಟು ಹಾಕುತ್ತಿದ್ದವರು ಸುತ್ತಲಿನ ಹಳ್ಳಿಗರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಜೀವಂತ ಮೀನಿನಿಂದ ಸಂಬಳ ಬರತೊಡಗಿದಾಗ ಅವರೇ ಕಾವಲುಗಾರರಾದರು. ವನ್ಯಜೀವಿ ಧಾಮದೊಳಗೆ ಯಾವುದೇ ಜೀವಿಯನ್ನು ಹಿಡಿಯುವುದು ಕಾನೂನಿಗೆ ವಿರುದ್ಧವೆಂಬ ಕಾರಣಕ್ಕೆ 2012ರ ಸುಮಾರಿಗೆ ಆ ಗಾಳಗಾರಿಕೆ ನಿಂತಿತು. ಕಾನೂನಿನ ಅಕ್ಷರವನ್ನು ನೋಡಿದರೆ ಆ ನಿರ್ಧಾರ ತಪ್ಪೆನ್ನಲಾಗದು. ತುಟಿಗೆ ಕೊಕ್ಕೆ ಸಿಕ್ಕಿಸಿ ಅರ್ಧ ತಾಸು ಸೆಣಸಾಡಿಸಿ ಬಿಡುವುದರಲ್ಲಿ ದಯೆ ಎಲ್ಲಿದೆ ಎಂದು ಕೇಳುವವರ ಮಾತಿಗೂ ತೂಕವಿದೆ. ಆದರೆ ಗಾಳದವರ ಜೊತೆಗೆ ಕಾವಲೂ ಹೋಯಿತು, ಆ ಜಾಗಕ್ಕೆ ಅಷ್ಟೇ ಜನರ ಕಾವಲನ್ನು ತಂದು ನಿಲ್ಲಿಸಲಿಲ್ಲ ಎಂಬುದೇ ನನ್ನ ಆಕ್ಷೇಪ.

ಗಾಳದವರನ್ನು ಪೂರ್ತಿ ಪುಣ್ಯವಂತರೆಂದು ಬಿಂಬಿಸುವುದೂ ಬೇಡ. 1970ರ ದಶಕದಿಂದ ಲೋನಾವಳದ ಟಾಟಾ ಮರಿ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ನಾನಾ ನದಿಗಳಿಗೆ, ಕಾವೇರಿಗೂ, ಸದುದ್ದೇಶದಿಂದಲೇ ತಂದು ಬಿಡಲಾಯಿತು. ಗಾಲಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆ ಪುಸ್ತಕಗಳನ್ನು ಪಿಂಡರ್, ರಾಘವನ್ ಮತ್ತು ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಗಾಳಕ್ಕೆ ಸಿಗುವ ಒಟ್ಟು ಮಹಶೀರ್ ಹೆಚ್ಚುತ್ತಾ ಹೋದವು, ಆದರೆ ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯವು. ನೆಲದ ಮೀನಾದ ಗೂನುಬೆನ್ನಿನದು ಕ್ಷೀಣಿಸುತ್ತಾ ಬಂತು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಸಂತೋಷಪಡುವ ಚಟ ಸರ್ಕಾರಿ ಅಂಕಿ ಅಂಶಗಳಲ್ಲಿ ಮಾತ್ರ ಇರುವುದಲ್ಲ ಎಂದು ಆ ಅಧ್ಯಯನವನ್ನು ಓದಿದಾಗ ಅನ್ನಿಸಿತ್ತು. ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇಲ್ಲದೆ ದಶಕಗಳು ಕಳೆದಿದ್ದವು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಪ್ರಭೇದವೇ ಇದು ಎಂದು ಗೊತ್ತಾದದ್ದು 2018ರಲ್ಲಿ. ಹೆಸರಿಲ್ಲದ್ದನ್ನು ಯಾವ ಪಟ್ಟಿಗೆ ಸೇರಿಸಲಾದೀತು? ಅದಕ್ಕೇ ಅಳಿವಿನ ಪಟ್ಟಿಗೂ ಅದು ಅಷ್ಟು ತಡವಾಗಿ ಬಂತು.

ಈಗ ನೀರಿನ ಲೆಕ್ಕಕ್ಕೆ ಬರೋಣ. ಕಾವೇರಿ ಎಂದೊಡನೆ ಎರಡು ರಾಜ್ಯಗಳ ಜಗಳವಷ್ಟೇ ನಮಗೆ ನೆನಪಾಗುತ್ತದೆ. 2007ರ ನ್ಯಾಯಮಂಡಳಿಯ ಐತೀರ್ಪು 740 ಟಿಎಂಸಿ ಅಡಿ ನೀರನ್ನು ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿ ಅಡಿಯನ್ನು ಪ್ರತ್ಯೇಕವಾಗಿ ತೆಗೆದಿಟ್ಟಿತು ಎಂಬುದನ್ನು ಬಲ್ಲವರು ಕಡಿಮೆ. ನೂರಕ್ಕೆ ಒಂದೂವರೆ ಪಾಲೂ ಇಲ್ಲ, ನಿಜ. ಆದರೆ ಅದರ ವೇಳಾಪಟ್ಟಿ ಗಮನಾರ್ಹ. ಫೆಬ್ರುವರಿ, ಮಾರ್ಚ್, ಏಪ್ರಿಲ್, ಮೇ, ಈ ನಾಲ್ಕು ತಿಂಗಳಲ್ಲಿ ತಿಂಗಳಿಗೆ 2.5 ಟಿಎಂಸಿ ಅಡಿಯಂತೆ ಬಿಳಿಗುಂಡ್ಲುವಿನಲ್ಲಿ ಹರಿಯಬೇಕು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹರಿಸಬೇಕಾದ ಪ್ರಮಾಣವನ್ನು 192ರಿಂದ 177.25 ಟಿಎಂಸಿ ಅಡಿಗೆ ಇಳಿಸಿದಾಗ ಜೂನ್‌ನಿಂದ ಜನವರಿವರೆಗಿನ ಕಂತುಗಳೆಲ್ಲ ಕಡಿತಗೊಂಡವು; ಬೇಸಿಗೆಯ ಈ ನಾಲ್ಕು ಕಂತುಗಳನ್ನು ಮಾತ್ರ ಮುಟ್ಟಲಿಲ್ಲ. ಅಂದರೆ ಬೇಸಿಗೆಯಲ್ಲಿ ನದಿ ಹರಿಯಬೇಕೆಂಬುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆಯೇ ಇದೆ.

10 ಟಿಎಂಸಿ ಅಡಿಯನ್ನು 120 ದಿನಗಳಿಗೆ ಸಮನಾಗಿ ಹಂಚಿದರೆ ದಿನವೂ 960 ಕ್ಯೂಸೆಕ್‌ಗಿಂತ ತುಸು ಹೆಚ್ಚಿನ ಹರಿವು ಸಿಗುತ್ತದೆ. ಅರ್ಕನ್ಸಾದ ಆ ಹೊಳೆಯ 800 ಕ್ಯೂಸೆಕ್‌ಗೆ ಇದನ್ನು ಹೋಲಿಸುವ ಆಸೆಯಾಗುತ್ತದೆ. ಆದರೆ ಅಲ್ಲಿಯದು ಒಂದೇ ಅಣೆಕಟ್ಟಿನ ಬುಡದ ಲೆಕ್ಕ, ಇಲ್ಲಿಯದು ಇಡೀ ಮೇಲ್ಕಣಿವೆಯ ನೀರು ಗಡಿ ದಾಟುವ ಜಾಗದ ಲೆಕ್ಕ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅಲ್ಲಿ ಕನಿಷ್ಠ ಹರಿವು ಎಂದರೆ ಪ್ರತಿ ಗಳಿಗೆಯ ಕನಿಷ್ಠ. ಇಲ್ಲಿ ತಿಂಗಳ ಮೊತ್ತ. ತಿಂಗಳ ಕೊನೆಗೆ 2.5 ಟಿಎಂಸಿ ಅಡಿ ತಲುಪಿದರೆ ಕಡತ ಮುಗಿಯುತ್ತದೆ. ಹತ್ತು ದಿನ ಬತ್ತಿಸಿ ಐದು ದಿನ ಧುಮ್ಮಿಕ್ಕಿಸಿದರೂ ಮೊತ್ತ ಸರಿಯೇ. ಬ್ಯಾಂಕಿನಲ್ಲಿ ತಿಂಗಳ ಸರಾಸರಿ ಶಿಲ್ಕು ಸರಿಯಿದ್ದರೆ ಸಾಕು, ಯಾರೂ ದಂಡ ಹಾಕುವುದಿಲ್ಲ. ಮೀನು ಸರಾಸರಿಯಲ್ಲಿ ಉಸಿರಾಡುವುದಿಲ್ಲ.

ಎರಡನೆಯದಾಗಿ, ಅಳತೆಯಾಗುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿಗೆ ತಲುಪುವ ನೀರನ್ನು ಕನ್ನಂಬಾಡಿಯಿಂದ ಎಷ್ಟು, ಕಬಿನಿಯಿಂದ ಎಷ್ಟು ಬಿಡಬೇಕು ಎಂಬುದು ನಮ್ಮ ರಾಜ್ಯದ ಒಳಗಿನ ತೀರ್ಮಾನ. ನೀರು ಬಿಡುವ ಬಗ್ಗೆ ನಿರ್ಧರಿಸುವ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಅಲ್ಲಿ ಎಕರೆಯ ಮಾತು, ಬೆಳೆಯ ಮಾತು, ಕೊನೆಯ ಭಾಗದ ರೈತರ ಅಳಲು, ಪಟ್ಟಣಗಳ ಕುಡಿಯುವ ನೀರು ಎಲ್ಲವೂ ಬರುತ್ತಿತ್ತು, ಬರಬೇಕಾದದ್ದೇ. ಬೆಸ್ತರ ಹರಿಗೋಲಿನ ಮಾತು ಒಂದು ದಿನವೂ ಬಂದದ್ದು ಕೇಳಲಿಲ್ಲ. ಮೀನುಗಾರಿಕೆಯ ಕಡತ ಪ್ರತ್ಯೇಕವಾಗಿತ್ತು: ನದಿ ಭಾಗದ ಗುತ್ತಿಗೆ, ಕಾಟ್ಲಾ ರೋಹು ಮರಿ ಬಿತ್ತನೆ, ಸಹಕಾರ ಸಂಘದ ಬಾಕಿ. ನದಿಯಲ್ಲಿ ಮರಿ ಬಿಡುವ ಇಲಾಖೆಗೂ ನದಿಗೆ ನೀರು ಬಿಡುವ ಇಲಾಖೆಗೂ ಮಾತುಕತೆಯೇ ಇರಲಿಲ್ಲ.

ಹೊಸ ನೀರನ್ನು ಯಾರೂ ಕೇಳಬೇಕಾಗಿಲ್ಲ ಎಂಬುದೇ ಈ ವಿಷಯದ ಅನುಕೂಲ. ಹೇಗಿದ್ದರೂ ಗಡಿ ತಲುಪಬೇಕಾದ ನೀರು ಅದು. ರೈತನ ಒಂದು ಹನಿಯನ್ನೂ ಕಸಿಯದೆ, ಅದನ್ನು ಬಿಡುವ ಕ್ರಮವನ್ನಷ್ಟೇ ಬದಲಿಸಬಹುದು. ಕಬಿನಿಯ ಪಾಲು ಇಂತಿಷ್ಟು ಎಂದು ಬೇಸಿಗೆಯ ಆರಂಭದಲ್ಲೇ ಪ್ರಕಟಿಸಿ, ಅದನ್ನು ದಿನವೂ ಸಮನಾಗಿ ಬಿಡುವುದು. ಏರಿಸುವಾಗ ಇಳಿಸುವಾಗ ಗಂಟೆಗೆ ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಇಡುವುದು. ಬರದ ವರ್ಷದಲ್ಲಿ ಪಾಲು ಕುಗ್ಗಲಿ, ನಿಲ್ಲದಿರಲಿ. ಹಾಗೆ ಹರಿದರೆ ಬಿದರಗೂಡಿನ ಪಂಪುಗಳಿಗೂ ನಂಜನಗೂಡಿನ ಸ್ನಾನಘಟ್ಟಕ್ಕೂ ಅದೇ ನೀರು ಒದಗುತ್ತದೆ. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲೂ ನಡೆಯಿತು. ಲಕ್ಷಾಂತರ ಜನ ಮುಳುಗಿ ಏಳುವ ಆ ಮೂರು ದಿನ ಸಂಗಮದ ನೀರಿನ ಮಟ್ಟವನ್ನು ಆಡಳಿತ ಎಚ್ಚರದಿಂದ ನೋಡಿಕೊಳ್ಳುತ್ತದೆ. ತೂಬಿನ ಕೀಲಿ ಕೈಯಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಡುಗಳ ವಿಷಯದಲ್ಲಿ ನಮಗೆ ಪರದೇಶದ ಮಾದರಿಯೂ ಬೇಕಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಕಾವೇರಿಯದೇ ದಂಡೆಯ ರಾಮನಾಥಪುರದಲ್ಲಿ, ದೇವರ ಮೀನೆಂದು ಯಾರೂ ಮುಟ್ಟದ ಮಡುಗಳು ತಲೆಮಾರುಗಳಿಂದ ಉಳಿದಿವೆ. ಯಾತ್ರಿಕರು ಎಸೆಯುವ ಪುರಿಗೆ ಮುಗಿಬೀಳುವ ಆ ಮೀನುಗಳನ್ನು ಕಾಯಲು ಪೊಲೀಸರು ಬೇಕಾಗಲಿಲ್ಲ. ನಂಜನಗೂಡು ಮತ್ತು ತಿರುಮಕೂಡಲು ಎರಡೂ ಕ್ಷೇತ್ರಗಳೇ. ಶ್ರೀಕಂಠೇಶ್ವರನ ಸನ್ನಿಧಿಯ ಮೇಲೂ ಕೆಳಗೂ ಒಂದೊಂದು ಮಡು, ಸಂಗಮದಲ್ಲಿ ಒಂದು ಮಡು, ಬಲೆ ಬೀಳದ ತಾಣಗಳೆಂದು ಘೋಷಿಸಿ, ಅವುಗಳ ಕಾವಲನ್ನು ಅಲ್ಲಿನ ಬೆಸ್ತರ ಸಂಘಗಳಿಗೆ ಸಂಬಳ ಕೊಟ್ಟು ಒಪ್ಪಿಸಬಹುದು. ಗುತ್ತಿಗೆಯ ಹಣದಲ್ಲಿ ಅಷ್ಟು ರಿಯಾಯಿತಿ ಕೊಟ್ಟರೂ ಖಜಾನೆ ಬರಿದಾಗದು. ಧಾಮದ ಹೊರಗಿನ ಹರಿವಿನಲ್ಲಿ ಪರವಾನಗಿಯ ಮೇಲೆ, ಹಿಡಿದು ಬಿಡುವ ಗಾಳಗಾರಿಕೆಗೆ ಅವಕಾಶ ಕೊಡಬಹುದೇ ಎಂಬುದನ್ನೂ ಯೋಚಿಸಬಹುದು. ಆ ಆಟದ ಮೇಲೆ ನನಗೆ ಮೋಹವಿಲ್ಲ. ಆದರೆ ಹೊಳೆ ಬತ್ತಿದ ದಿನ ದೂರವಾಣಿ ಎತ್ತಿ ಎಂಜಿನಿಯರನ್ನು ಕೇಳುವ ನಾಲ್ಕು ಜನ ಬೇಕು; ವೈಟ್ ನದಿಯ ಪಾಲಿಗೆ ಆ ನಾಲ್ಕು ಜನ ಗಾಳದವರೇ ಆಗಿದ್ದರು.

ಮೊದಲ ಹೆಜ್ಜೆಗೆ ಖರ್ಚೂ ಇಲ್ಲ. ಟಿ. ನರಸೀಪುರದಲ್ಲಿ ಕಬಿನಿಯ ಹರಿವನ್ನು ಅಳೆಯುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ದಶಕಗಳಿಂದಲೇ ಇದೆ. ಅಲ್ಲಿ ದಾಖಲಾಗುವ ಬೇಸಿಗೆಯ ದೈನಿಕ ಹರಿವನ್ನು, ಬೀಚನಹಳ್ಳಿಯ ಹೊರಹರಿವಿನ ಪಕ್ಕದಲ್ಲಿ, ಫೆಬ್ರುವರಿ 1ರಿಂದ ಮೇ 31ರವರೆಗೆ ಪತ್ರಿಕೆಗಳ ಆ ಚೌಕದಲ್ಲಿ ಪ್ರಕಟಿಸಲು ನೀರಾವರಿ ನಿಗಮ ಒಪ್ಪಿದರೆ ಸಾಕು. ಯಾವ ದಿನ ಎಷ್ಟು ನೀರು ಸಂಗಮವನ್ನು ತಲುಪಿತು ಎಂಬುದು ನಂಜನಗೂಡಿನ ಬೆಸ್ತರಿಗೂ ಬಿಳಿಗುಂಡ್ಲುವಿನ ಲೆಕ್ಕಿಗರಿಗೂ ಒಂದೇ ಹೊತ್ತಿಗೆ ತಿಳಿಯುತ್ತದೆ.